ಯಾರೂ ಹತ್ತದ ತಾರಸಿಗೆ ಹತ್ತು ವರ್ಷ

ಕೇಂದ್ರ ಲೋಕೋಪಯೋಗಿ ಇಲಾಖೆಯ ಕಟ್ಟಡಕ್ಕೆ ವಾಟರ್‌ಪ್ರೂಫಿಂಗ್ ಮಾಡುವ ಗುತ್ತಿಗೆದಾರ ಒಂದು ಮುಚ್ಚಳಿಕೆ ಬರೆದುಕೊಡಬೇಕು: ಹತ್ತು ವರ್ಷ ಸೋರುವುದಿಲ್ಲ, ಸೋರಿದರೆ ನನ್ನ ಖರ್ಚಿನಲ್ಲಿ ಸರಿಪಡಿಸುತ್ತೇನೆ. ಅದರಲ್ಲಿ ವಿನಾಯಿತಿಗಳೂ ಇವೆ. ಭೂಕಂಪ, ಕಟ್ಟಡದ ರಚನೆಯಲ್ಲೇ ಇರುವ ದೋಷ, ಆಮೇಲೆ ಮಾಡಿಸಿದ ಮಾರ್ಪಾಡು, ಚಾವಣಿಯ ದುರ್ಬಳಕೆ, ಇವುಗಳಿಂದ ಸೋರಿದರೆ ಅವನು ಹೊಣೆಯಲ್ಲ. ದುರ್ಬಳಕೆ ಎಂದರೇನು ಎಂದು ಯಾರಿಗಾದರೂ ಅನುಮಾನ ಬಂದೀತೆಂದು ಪತ್ರವೇ ಉದಾಹರಣೆ ಕೊಟ್ಟಿದೆ: ಚಾವಣಿಯ ಮೇಲೆ ಸೌದೆ ಒಡೆಯುವುದು ಮತ್ತು ಅಂಥವೇ ಕೆಲಸಗಳು. ಯಾವುದೋ ಕಾಲದಲ್ಲಿ ಸರ್ಕಾರಿ ಕ್ವಾರ್ಟರ್ಸಿನ ತಾರಸಿಯ ಮೇಲೆ ಕೊಡಲಿ ಎತ್ತಿದ ಪುಣ್ಯಾತ್ಮನೊಬ್ಬ ಹೀಗೆ ಟೆಂಡರ್ ಕಾಗದಗಳಲ್ಲಿ ಅಮರನಾಗಿರಬೇಕು.

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಸೌದೆ ಒಡೆಯಲು ಯಾರೂ ತಾರಸಿ ಹತ್ತುವುದಿಲ್ಲ. ಹತ್ತುವುದು ಹುಣಸೆಹಣ್ಣಿಗೆ. ಬೇಸಿಗೆಯ ಆರಂಭದಲ್ಲಿ ಹಣ್ಣು ಹರಡಿ ಒಣಗಿಸಿ, ಅಲ್ಲೇ ಕೂತು ಕುಟ್ಟಿ ಬೀಜ ಬಿಡಿಸುತ್ತಾರೆ. ಆಮೇಲೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ. ಕಟಾವಿನ ಹೊತ್ತಿಗೆ ಕಡಲೆಕಾಯಿ, ರಾಗಿ, ಹುರುಳಿ. ಏಪ್ರಿಲ್ ರಾತ್ರಿಗಳಲ್ಲಿ ಚಾಪೆ, ದಿಂಬು, ಮಕ್ಕಳು. ನೀರಿನ ಟ್ಯಾಂಕು, ಡಿಶ್ ಆಂಟೆನಾ, ಸೋಲಾರ್ ಗೀಸರ್ ಬೇರೆ ಇದ್ದೇ ಇವೆ. ಇವೆಲ್ಲ 'ಅಂಥವೇ ಕೆಲಸಗಳು' ಹೌದೋ ಅಲ್ಲವೋ ಎಂಬ ಪ್ರಶ್ನೆಯಲ್ಲೇ ವಾರಂಟಿಯ ಅರ್ಧ ಹಣೆಬರಹ ಇದೆ.

ಖಾಸಗಿ ಮನೆಗಳಿಗೆ ಆ ಮುಚ್ಚಳಿಕೆ ಸಿಗುವುದಿಲ್ಲ, ಸಿಗುವುದು ವಾರಂಟಿ ಕಾರ್ಡು. ಬಣ್ಣದ ಅಂಗಡಿಯಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಜೊತೆ ಮೂರು, ಐದು, ಎಂಟು, ಹತ್ತು ವರ್ಷದ ಮಾತು ಬರುತ್ತದೆ. ಮನೆಯವರ ಪಾಲಿಗೆ 'ಕೆಮಿಕಲ್ ಹೊಡೆಸಿದ್ದೀವಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲ' ಎಂಬಲ್ಲಿಗೆ ವಿಷಯ ಮುಗಿಯಿತು. ಇಂಥ ಕಾರ್ಡುಗಳನ್ನು ಸಾವಧಾನವಾಗಿ ಓದಿದವರಿಗೆ ಬೇರೆಯೇ ಒಂದು ಮನೆ ಕಾಣುತ್ತದೆ. ಆ ಮನೆಯ ತಾರಸಿಗೆ ಸರಿಯಾದ ವಾಟ ಇದೆ, ನೀರು ಎಲ್ಲೂ ನಿಲ್ಲುವುದಿಲ್ಲ, ಸ್ಲ್ಯಾಬಿನಲ್ಲಿ ಬಿರುಕಿಲ್ಲ, ಮೇಲಿಂದ ಏನನ್ನೂ ಕೊರೆದಿಲ್ಲ, ಯಾರೂ ಹತ್ತಿಲ್ಲ. ಅಂಥ ಮನೆ ಇದ್ದಿದ್ದರೆ ಅದಕ್ಕೆ ವಾಟರ್‌ಪ್ರೂಫಿಂಗ್ ಅಷ್ಟಾಗಿ ಬೇಕಾಗುತ್ತಲೂ ಇರಲಿಲ್ಲ.

ಮೊದಲ ತಕರಾರು ಕಾಲದ ಲೆಕ್ಕದ ಮೇಲೆ. ವಾರಂಟಿ ವರ್ಷಗಳನ್ನು ಎಣಿಸುತ್ತದೆ, ತಾರಸಿ ಮಳೆಯನ್ನು ಎಣಿಸುತ್ತದೆ. ಪಾವಗಡದಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ, ಅದರಲ್ಲಿ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗಿನ ಕೆಲವೇ ದಿನಗಳಲ್ಲಿ ಬೀಳುತ್ತದೆ. 2016ರಲ್ಲಿ ಐದು ವರ್ಷದ ವಾರಂಟಿಯೊಂದಿಗೆ ಕೋಟಿಂಗ್ ಮಾಡಿಸಿದ ಮನೆಯನ್ನು ನೆನೆಯಿರಿ. ನಡುವೆ ಬರದ ವರ್ಷಗಳು ಬಂದವು, ತಾರಸಿಗೆ ದೊಡ್ಡ ಪರೀಕ್ಷೆಯೇ ಆಗಲಿಲ್ಲ. ಕಾರ್ಡಿನ ಅವಧಿ 2021ಕ್ಕೆ ಮುಗಿಯಿತು. ಕೆರೆಗಳು ಕೋಡಿ ಬಿದ್ದು ಜಯಮಂಗಲಿ ನದಿ ದಡ ಮೀರಿ ಹರಿದದ್ದು 2022ರಲ್ಲಿ. ಕಂಪನಿಯ ದಾಖಲೆಯಲ್ಲಿ ಆ ಐದು ವರ್ಷ ದೂರಿಲ್ಲದ ಯಶಸ್ಸು.

ಹಾಗೆಂದು ಆ ಒಣ ವರ್ಷಗಳಲ್ಲಿ ಲೇಪನ ಹಾಗೇ ಇತ್ತೆನ್ನುವಂತಿಲ್ಲ. ಈ ಸೀಮೆಯಲ್ಲಿ ಲೇಪನವನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಬಿಸಿಲು. ಏಪ್ರಿಲ್ ಮಧ್ಯಾಹ್ನ ಕಾಂಕ್ರೀಟಿನ ಮೇಲ್ಮೈ ಅರವತ್ತು ಡಿಗ್ರಿಯ ಹತ್ತಿರ ಹೋಗಿ ನಸುಕಿಗೆ ಇಪ್ಪತ್ತೈದರ ಹತ್ತಿರ ಇಳಿಯುತ್ತದೆ. ಮೂವತ್ತು–ನಲವತ್ತರ ಸೈಟಿನ ಉದ್ದದ ಬದಿ ಸುಮಾರು 12 ಮೀಟರ್. ಕಾಂಕ್ರೀಟು ಹಿಗ್ಗುವ ಸಾಮಾನ್ಯ ಲೆಕ್ಕ ಹಿಡಿದರೆ ಅಷ್ಟು ಅಂತರದ ಶಾಖಕ್ಕೆ ಆ ಉದ್ದ ನಾಲ್ಕು ಮಿಲಿಮೀಟರಿನಷ್ಟು ಹಿಗ್ಗಲು ಹವಣಿಸುತ್ತದೆ, ರಾತ್ರಿ ಕುಗ್ಗುತ್ತದೆ, ಮರುದಿನ ಮತ್ತೆ ಹಿಗ್ಗುತ್ತದೆ. ಸ್ಲ್ಯಾಬಿನ ಮೈಯಲ್ಲಿ ಅದು ಹಂಚಿಹೋಗುತ್ತದೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ಮಾತ್ರ ಹರಿದು ತೋರಿಸುತ್ತದೆ. ಸೋರುವ ಮನೆಯಲ್ಲಿ ಮೊದಲು ಹುಡುಕಬೇಕಾದ ಜಾಗ ಅದೇ. ಕಾರ್ಡಿನಲ್ಲಿ ಮೊದಲು ಕೈಬಿಡುವ ಜಾಗವೂ ಅದೇ, ಯಾಕೆಂದರೆ ಗೋಡೆಯ ಬಿರುಕು 'ರಚನಾ ದೋಷ'.

ಈ ರಚನಾ ದೋಷ ಎಂಬುದು ಬಲು ದೊಡ್ಡ ಚೀಲ, ಅದರಲ್ಲಿ ಏನು ಬೇಕಾದರೂ ಹಿಡಿಸುತ್ತದೆ. ಭಾರತೀಯ ಮಾನಕ 456ರ ಪ್ರಕಾರ ಒಣ ಬಿಸಿಲಿನ ಪ್ರದೇಶದಲ್ಲಿ ಕಾಂಕ್ರೀಟನ್ನು ಕನಿಷ್ಠ ಹತ್ತು ದಿನ ಸತತವಾಗಿ ಒದ್ದೆಯಾಗಿಡಬೇಕು. ಪಾತಿ ಕಟ್ಟಿ ನೀರು ನಿಲ್ಲಿಸುವುದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಆದರೆ ಕುಡಿಯುವ ನೀರಿಗೇ ಕ್ಯಾನು ಹಿಡಿದು ನಿಲ್ಲುವ ಪಾವಗಡದ ಬೇಸಿಗೆಯಲ್ಲಿ ಮೋಲ್ಡ್ ಹಾಕಿದವರು ಹತ್ತು ದಿನ ನೀರು ಎಲ್ಲಿಂದ ತರಬೇಕು? ನಾಲ್ಕು ದಿನಕ್ಕೆ ಕೈಬಿಡುತ್ತಾರೆ. ಸ್ಲ್ಯಾಬಿನಲ್ಲಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಆ ಬಿರುಕು ಮುಚ್ಚಲೆಂದೇ ಕೆಮಿಕಲ್ ಹೊಡೆಸುತ್ತಾರೆ. ಸೋರಿದಾಗ ಬರುವ ಉತ್ತರ: ಬಿರುಕು ಮೊದಲೇ ಇತ್ತು, ವಾರಂಟಿ ಅನ್ವಯಿಸುವುದಿಲ್ಲ. ಯಾವ ಕಾಯಿಲೆಗೆ ಔಷಧಿ ಕೊಂಡರೋ ಆ ಕಾಯಿಲೆ ಇದ್ದ ಕಾರಣಕ್ಕೇ ಔಷಧಿಯ ಭರವಸೆ ರದ್ದಾಗುತ್ತದೆ.

ಕೆಲಸ ಮುಗಿದ ಮೇಲೆ ತಾರಸಿಯ ಮೇಲೆ ಒಂದೆರಡು ದಿನ ನೀರು ಕಟ್ಟಿ ನೋಡಬೇಕೆಂಬ ಪದ್ಧತಿ ಇದೆ. ಸಾವಿರ ಚದರಡಿಗೆ ಎರಡು ಇಂಚು ನೀರು ಎಂದರೆ ಸುಮಾರು 4,700 ಲೀಟರು, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಮಾಡಿಸುತ್ತಾರೆ, ಇಲ್ಲಿ ಮಾಡಿಸಿದರೆ ನೆರೆಹೊರೆಯವರು ಬೈಯುತ್ತಾರೆ. ಪರೀಕ್ಷೆಯ ದಾಖಲೆ ಇಲ್ಲದ ಮೇಲೆ, ಕೆಲಸ ಮುಗಿದ ದಿನ ತಾರಸಿ ಸರಿಯಿತ್ತೆಂದು ಮನೆಯವರು ಯಾವುದರಿಂದ ತೋರಿಸಬೇಕು?

ವಾರಂಟಿಯ ವ್ಯಾಪ್ತಿಯನ್ನು ನಿಜವಾಗಿ ತೀರ್ಮಾನಿಸುವ ಇನ್ನೊಂದು ಸಂಗತಿ ಲೇಪನದ ದಪ್ಪ. ಕಂಪನಿ ಒಂದು ದಪ್ಪ ಹೇಳಿರುತ್ತದೆ, ಒಣಗಿದ ಮೇಲೆ ಒಂದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸಾವಿರ ಚದರಡಿ ಎಂದರೆ 93 ಚದರ ಮೀಟರು. ಬಕೆಟ್ಟಿನಲ್ಲಿರುವುದರಲ್ಲಿ ಅರ್ಧ ಆರಿಹೋಗುವ ನೀರು ಎಂದು ಹಿಡಿದರೆ ಬೇಕಾಗುವುದು 186 ಲೀಟರು, ಒಂಬತ್ತು ಬಕೆಟ್ ದಾಟಿತು. ನಾಲ್ಕು ಬಕೆಟ್ಟಿನಲ್ಲಿ ಮುಗಿಸಿದರೆ ಸಿಗುವುದು ಅರ್ಧ ಮಿಲಿಮೀಟರಿಗೂ ಕಡಿಮೆ. ತಾರಸಿ ಎರಡರಲ್ಲೂ ಅದೇ ಬಿಳುಪು, ನೋಡಿದವರಿಗೆ ಗೊತ್ತಾಗುವುದಿಲ್ಲ. ಬಿಲ್ಲು ಮಾತ್ರ ಗೊತ್ತುಮಾಡುತ್ತದೆ. ದೂರು ಬಂದ ದಿನ ಕಂಪನಿಯ ಮನುಷ್ಯ ಮೊದಲು ಕೇಳುವುದೂ ಅದನ್ನೇ: ಎಷ್ಟು ಬಕೆಟ್ ಕೊಂಡಿರಿ, ಬಿಲ್ ಎಲ್ಲಿ, ಹೊಡೆದವರು ನಮ್ಮ ಪಟ್ಟಿಯ ಅಪ್ಲಿಕೇಟರೇ? 'ಬಿಲ್ ಬೇಡ ಅಂದ್ರೆ ಹದಿನೆಂಟು ಪರ್ಸೆಂಟ್ ಉಳಿಯುತ್ತೆ' ಎಂಬ ಅಂಗಡಿಯವನ ಮಾತಿಗೆ ಒಪ್ಪಿದವರ ಕಾರ್ಡು ಅಂದೇ ತೀರಿಕೊಂಡಿತು.

ಎಲ್ಲ ಸರಿಯಿದ್ದರೂ ಸಿಗುವುದೇನು? ಬಹಳಷ್ಟು ಕಾರ್ಡುಗಳು ಸಾಮಗ್ರಿಗೆ ಮಾತ್ರ ಭರವಸೆ ಕೊಡುತ್ತವೆ. ಹೊಸ ಬಕೆಟ್ ಬರುತ್ತದೆ. ಹಳೆಯದನ್ನು ಕೆರೆದು ತೆಗೆಯುವ ಕೂಲಿ, ಕೆಳಗೆ ಹಾಳಾದ ಪುಟ್ಟಿ, ಬಣ್ಣ, ಉಬ್ಬಿದ ವಾರ್ಡ್‌ರೋಬು ಎಲ್ಲ ಮನೆಯವರ ತಲೆಗೆ. ಈ ಕೆಲಸದಲ್ಲಿ ಕೂಲಿಯ ಪಾಲು ಸಣ್ಣದಲ್ಲ. ಸಾಮಗ್ರಿ ಮತ್ತು ಕೂಲಿ ಎರಡಕ್ಕೂ ಒಬ್ಬರೇ ಹೊಣೆಯಾಗುವ ಮೂರು ವರ್ಷದ ವಾರಂಟಿ ಬರೀ ಸಾಮಗ್ರಿಯ ಹತ್ತು ವರ್ಷದ ವಾರಂಟಿಗಿಂತ ದೊಡ್ಡದು ಎಂದೇ ನನ್ನ ಲೆಕ್ಕ.

ಹಿಂದೆ ಈ ಕಡೆ ಮಣ್ಣಿನ ಮಾಳಿಗೆಗಳಿದ್ದವು. ತೊಲೆ, ಜಂತೆ, ಸೊಪ್ಪು, ಮೇಲೆ ಮಣ್ಣು, ಎಲ್ಲದರ ಮೇಲೆ ಚೌಳು ಮಣ್ಣಿನ ಒಂದು ಪದರ. ಚೌಳಿನಲ್ಲಿರುವ ಸೋಡಿಯಂ ಲವಣದಿಂದ ಅದರ ಜೇಡಿಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರ. ಮುಂಗಾರಿಗೆ ಮುಂಚೆ ಪ್ರತಿ ವರ್ಷ ಹೊಸ ಚೌಳು ಹಾಕುತ್ತಿದ್ದರು. ಇದನ್ನು ನೆನೆದು ಕಣ್ಣೀರು ಹಾಕುವ ಅಗತ್ಯವಿಲ್ಲ. ಜಡಿಮಳೆ ಹಿಡಿದರೆ ಮಾಳಿಗೆ ಸೋರುತ್ತಿತ್ತು, ಕೆಲವೊಮ್ಮೆ ಕುಸಿದು ಜನರನ್ನೂ ತಿನ್ನುತ್ತಿತ್ತು. ಆದರೆ ಆ ವ್ಯವಸ್ಥೆ ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿತ್ತು: ಚಾವಣಿಗೆ ವರ್ಷಕ್ಕೊಂದು ಸಲ ಕೈ ತಾಗಬೇಕು ಎಂದು ಅದು ಮೊದಲೇ ಹೇಳಿತ್ತು. ಈಗಿನ ಕಾರ್ಡೂ ಅದನ್ನೇ ಹೇಳುತ್ತದೆ, ಸಣ್ಣ ಅಕ್ಷರದಲ್ಲಿ. ವರ್ಷಕ್ಕೊಮ್ಮೆ ತಪಾಸಣೆ, ಮಳೆನೀರಿನ ಪೈಪಿನ ಬಾಯಿ ಸ್ವಚ್ಛ, ತಪ್ಪಿದರೆ ರದ್ದು. ದೊಡ್ಡ ಅಕ್ಷರದಲ್ಲಿ ಹೇಳುವುದು 'ಹೊಡೆಸಿ, ಮರೆತುಬಿಡಿ' ಎಂಬುದನ್ನು. (ಸಿರಾದಲ್ಲಿ 1651ರ ಮಲಿಕ್ ರಿಹಾನ್ ದರ್ಗಾದ ಗುಮ್ಮಟ ನೋಡಿದವರು ಇನ್ನೊಂದು ಉಪಾಯವನ್ನೂ ಕಂಡಿರುತ್ತಾರೆ: ಗುಮ್ಮಟದ ಮೇಲೆ ನೀರು ನಿಲ್ಲುವುದೇ ಇಲ್ಲ. ಮೂವತ್ತು–ನಲವತ್ತರ ಸೈಟಿನಲ್ಲಿ ಅದು ನಡೆಯುವುದಿಲ್ಲ, ಮೇಲೆ ಇನ್ನೊಂದು ಮನೆ ಬರಬೇಕು.)

ಆ ಇನ್ನೊಂದು ಮನೆಯೇ ದೊಡ್ಡ ತೊಡಕು. ಈ ಪಟ್ಟಣಗಳಲ್ಲಿ ಮುಗಿದ ಮನೆ ಅಪರೂಪ. ಮಗನ ಮದುವೆಗೋ, ಬಾಡಿಗೆಗೋ ಮೇಲೊಂದು ಅಂತಸ್ತು ಏಳಬೇಕೆಂದು ಪಿಲ್ಲರಿನ ಕಂಬಿಗಳನ್ನು ಬಿಟ್ಟಿರುತ್ತಾರೆ. ಹತ್ತು ಹದಿನೈದು ವರ್ಷ ಅವು ಆಕಾಶ ನೋಡುತ್ತ ತುಕ್ಕು ಹಿಡಿಯುತ್ತವೆ, ಕಂಬಿಯ ಗುಂಟ ನೀರು ಇಳಿಯುತ್ತದೆ. ಯಾವ ಲೇಪನವೂ ಕಂಬಿಗಳ ಆ ಗೊಂಚಲಿನ ಬುಡವನ್ನು ಪೂರ್ತಿ ಸುತ್ತುವರಿಯಲಾರದು. ಅಲ್ಲಿಂದ ಸೋರಿದರೆ ಅದು ಲೇಪನದ ದೋಷವಲ್ಲ. ಮೇಲೆ ಕಟ್ಟಿದರೆ ಅದು ಮಾರ್ಪಾಡು. ಕಟ್ಟದಿದ್ದರೂ ಇಲ್ಲ, ಕಟ್ಟಿದರೂ ಇಲ್ಲ.

ಇದಕ್ಕೀಗ ಸೌರಫಲಕ ಸೇರಿದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನೋಡಿದ ಪಾವಗಡದವರಿಗೆ ಫಲಕ ಹೊಸದಲ್ಲ. ಫಲಕದ ವಿದ್ಯುತ್ ಉತ್ಪಾದನೆಗೆ 25 ವರ್ಷದ ವಾರಂಟಿ ಸಾಮಾನ್ಯ. ಅದನ್ನು ನಿಲ್ಲಿಸಲು ಸ್ಲ್ಯಾಬಿಗೆ ಬೋಲ್ಟ್ ಕೊರೆದರೆ ಕೆಳಗಿನ ಐದು ವರ್ಷದ ವಾರಂಟಿ ಸಾಯುತ್ತದೆ. ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೆ ನಿಲ್ಲಿಸುವ ವಿಧಾನ ಇದೆ. ಆದರೆ ಫಲಕದವರೂ ಲೇಪನದವರೂ ಒಂದೇ ತಾರಸಿಯ ಮೇಲೆ ಒಟ್ಟಿಗೆ ನಿಂತು ಮಾತಾಡಿದರೆ ತಾನೇ?

ಇಷ್ಟೆಲ್ಲ ಆದಮೇಲೆ ಆ ಸೌದೆಯ ಮುಚ್ಚಳಿಕೆಯೇ ಮೇಲು ಎನ್ನಿಸುತ್ತದೆ. ಕಾರಣ ಅದರ ಮಾತಲ್ಲ, ಅದರ ಹಿಂದಿರುವ ದುಡ್ಡು. ಆ ವ್ಯವಸ್ಥೆಯಲ್ಲಿ ವಾಟರ್‌ಪ್ರೂಫಿಂಗ್ ಕೆಲಸದ ಮೌಲ್ಯದ ಶೇ. 10ರಷ್ಟನ್ನು ಇಲಾಖೆ ಹಿಡಿದಿಟ್ಟುಕೊಳ್ಳುತ್ತದೆ. ಐದು ವರ್ಷ ಸೋರದಿದ್ದರೆ ಅರ್ಧ, ಹತ್ತು ವರ್ಷಕ್ಕೆ ಉಳಿದರ್ಧ. ಅದರ ಕೆಟ್ಟ ಗುಣವೂ ಇದೆ: ಸೋರಿಕೆಯ ಕಾರಣ ಯಾವುದೆಂದು ಇಲಾಖೆಯ ಎಂಜಿನಿಯರ್ ಹೇಳಿದ್ದೇ ಅಂತಿಮ. ಖಾಸಗಿ ಕಾರ್ಡಿನಲ್ಲಿ ಆ ಅಧಿಕಾರ ಕಂಪನಿಯ ಪ್ರತಿನಿಧಿಗೆ, ಅಂದರೆ ಆರೋಪಿಗೇ. ಎರಡೂ ಕಡೆ ಕೆಳಗೆ ಬಕೆಟ್ ಇಟ್ಟುಕೊಂಡು ಕೂತವರಿಗೆ ಮಾತಿಲ್ಲ. ಸರ್ಕಾರಿ ಶಾಲೆಗಳದ್ದೂ ಇದೇ ಕಥೆ. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದರ ಯಾವುದೇ ಸರ್ಕಾರಿ ಶಾಲೆಯ ಕೊಠಡಿ ಸೋರಿದಾಗ ಮೊದಲು ನೋಡುವವರು ಮುಖ್ಯಶಿಕ್ಷಕರು. ಗುತ್ತಿಗೆಯ ಒಪ್ಪಂದ ಕಟ್ಟಿಸಿದ ಸಂಸ್ಥೆಗೂ ಗುತ್ತಿಗೆದಾರನಿಗೂ ನಡುವಿನದು, ಮುಖ್ಯಶಿಕ್ಷಕರು ಅದರಲ್ಲಿ ಪಕ್ಷಗಾರರೇ ಅಲ್ಲ. ಕಟ್ಟಡ ಹಸ್ತಾಂತರವಾಗುವಾಗ ಬೀಗದ ಕೈ ಜೊತೆಗೆ ದೋಷ ಹೊಣೆಗಾರಿಕೆಯ ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂಬ ಒಂದು ಸಾಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕೈಗೆ ಬಂದರೂ ಸಾಕಿತ್ತು.

ಕಾನೂನು ಇಲ್ಲವೇ ಎಂದರೆ, ಇದೆ. 2016ರ ರಿಯಲ್ ಎಸ್ಟೇಟ್ ಕಾಯಿದೆ (ರೇರಾ) ಐದು ವರ್ಷದೊಳಗೆ ಕಂಡ ದೋಷವನ್ನು ಬಿಲ್ಡರ್ ಮೂವತ್ತು ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕೆನ್ನುತ್ತದೆ. ಇಲ್ಲಿ ಬಿಲ್ಡರ್ ಎಲ್ಲಿದ್ದಾನೆ? ಮನೆಯವರೇ ಸಿಮೆಂಟು ತಂದು, ಮೇಸ್ತ್ರಿಗೆ ಚದರದ ಲೆಕ್ಕದಲ್ಲಿ ಕೊಟ್ಟು ಕಟ್ಟಿಸಿದ್ದು. ಉಳಿದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಸರಿಯಾದ ಪರೀಕ್ಷೆಯ ಆಧಾರವಿಲ್ಲದೆ ಬಾಳಿಕೆಯ ಭರವಸೆ ಕೊಡುವುದು ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ತುಮಕೂರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಆದರೆ ಕಾರ್ಡಿನ ಷರತ್ತುಗಳೇ ಏಕಪಕ್ಷೀಯ, ಇದು ಅನ್ಯಾಯದ ಕರಾರು ಎಂದು ವಾದಿಸಬೇಕಾದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಪಾವಗಡದ ಸೋರುವ ಅಡುಗೆಮನೆಗೆ ಬೆಂಗಳೂರಿನ ವಕೀಲರು.

ಅದಕ್ಕಿಂತ ಸರ್ಕಾರದ ಉಪಾಯವನ್ನೇ ಮನೆಮಟ್ಟಕ್ಕೆ ಇಳಿಸಿಕೊಳ್ಳುವುದು ವಾಸಿ: ಹತ್ತರಲ್ಲಿ ಒಂದು ಪಾಲು ಹಣವನ್ನು ದೀಪಾವಳಿ ಕಳೆಯುವ ತನಕ ಹಿಡಿಯುವುದು, ಅಷ್ಟರಲ್ಲಿ ಈ ಸೀಮೆಯ ದೊಡ್ಡ ಮಳೆಗಳು ಬಂದು ಹೋಗಿರುತ್ತವೆ. ಹಿಡಿಯುವುದು ಯಾರದ್ದನ್ನು ಎಂಬಲ್ಲಿ ಜನ ಎಡವುತ್ತಾರೆ. ಕೈಗೆ ಸಿಗುವವನು ಮೇಸ್ತ್ರಿ, ಅವನ ಕೂಲಿಯನ್ನೇ ನಿಲ್ಲಿಸುತ್ತಾರೆ. ಹತ್ತು ವರ್ಷದ ಮಾತು ಕೊಟ್ಟವನು ಅವನಲ್ಲ, ಅಂಗಡಿಯವನು. ಬಕೆಟ್ಟಿನ ಬಿಲ್ಲಿನಲ್ಲಿ ಒಂದು ಪಾಲು ಬಾಕಿ ಉಳಿಸಿ, ಅದೇ ಬಿಲ್ಲಿನ ಹಿಂದೆ 'ತಾರಸಿಯ ಮೇಲೆ ಹುಣಸೆಹಣ್ಣು ಒಣಹಾಕಿ ಕುಟ್ಟುತ್ತಾರೆ, ಪಿಲ್ಲರ್ ಕಂಬಿ ಬಿಟ್ಟಿದೆ, ಇದು ಗೊತ್ತಿದ್ದೇ ಮಾರಿದ್ದೇನೆ' ಎಂದು ಬರೆದು ಸೀಲು ಹಾಕಿಕೊಡಲು ಅಂಗಡಿಯವನನ್ನು ಕೇಳಬೇಕು. ಬರೆದುಕೊಟ್ಟರೆ ವಾರಂಟಿ ಸಿಕ್ಕಿತು. ಬರೆಯಲು ಒಪ್ಪದಿದ್ದರೆ ಎಷ್ಟು ವರ್ಷದ ವಾರಂಟಿ ಎಂಬುದು ಅಂಗಡಿಯ ಮುಂದೆಯೇ ತಿಳಿಯಿತು, ಬಕೆಟ್ ಕೊಳ್ಳುವ ಮೊದಲೇ.