ಮಳೆಯಲ್ಲಿ ಕುಣಿದ ಹುಲಿ

ಮಂಗಳೂರಿನ ಮಂಗಳಾದೇವಿ ಪರಿಸರದ ಕಥೆ ‘ಗರುಡ ಗಮನ ವೃಷಭ ವಾಹನ’ 2021ರ ನವೆಂಬರ್‌ನಲ್ಲಿ ತೆರೆಕಂಡಿತು. ಬರೆದು ನಿರ್ದೇಶಿಸಿದ ರಾಜ್ ಬಿ. ಶೆಟ್ಟಿಯವರೇ ಇಲ್ಲಿ ಶಿವ. ಬಾವಿಯಲ್ಲಿ ಸಿಕ್ಕ ಈ ಅನಾಥನಿಗೆ ಹಣದ ಹಂಗಿಲ್ಲ. ಅವನ ಗೆಳೆಯ, ರಿಷಬ್ ಶೆಟ್ಟಿಯವರ ಹರಿಗೆ ಅದರ ರುಚಿ ಹತ್ತಿದೆ. ರಕ್ತ ಶಿವನ ಕೈಗೆ, ಸಂಪತ್ತು ಹರಿಯ ಮನೆಗೆ. ನಡುವೆ, ಮೇಲಿನವರು ದಬ್ಬಿದತ್ತ ನಡೆಯುವ ಎಸ್‌ಐ ಬ್ರಹ್ಮಯ್ಯನಾಗಿ ಗೋಪಾಲಕೃಷ್ಣ ದೇಶಪಾಂಡೆ. ಚಿತ್ರದ ಮೈದಾನದ ಕ್ರಿಕೆಟ್ ನೋಡಿ ನಗುತ್ತಿದ್ದ ನಾವು ಮರುಕ್ಷಣ ಹಿಂಸೆಗೆ ಬೆಚ್ಚಿಬೀಳುತ್ತೇವೆ.

ಕೊಲೆ ಮಾಡಿ ಬಂದ ಶಿವ ಸುರಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಮೈಗೆ ಬಣ್ಣವಿಲ್ಲ, ಕಣ್ಣಲ್ಲಿ ಹುಲಿಯಿದೆ. ನವರಾತ್ರಿಯ ಹುಲಿವೇಷದ ತಾಸೆ ವಾದ್ಯ ಕೇಳಿ ಬೆಳೆದವರಿಗೆ ಅದು ಬರೀ ಕುಣಿತವಲ್ಲ, ಏನೂ ಇಲ್ಲದವನ ಕೂಗು. ಬಡವನ ಸಿಟ್ಟನ್ನು ಯಾರು ದುಡಿಸಿಕೊಳ್ಳುತ್ತಾರೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕನ್ನಡ ಚಿತ್ರಗಳು ವಿರಳ.