ಸದ್ದಡಗಿದ ಕೋವಿಯ ಸಾಕ್ಷ್ಯ

ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ ಲೀ-ಎನ್‌ಫೀಲ್ಡ್ ಬಂದೂಕುಗಳು ಇಂದು ಬ್ರಿಟನ್ನಿನ ಅನೇಕ ಹವ್ಯಾಸಿಗಳ ಮನೆಯ ಗೋಡೆಯ ಮೇಲಿವೆ. ಅವುಗಳ ನಳಿಕೆಯನ್ನು ಸೀಳಿ, ಒಳಗೆ ಉಕ್ಕಿನ ಸರಳು ತುರುಕಿ ಬೆಸುಗೆ ಹಾಕಿರುತ್ತಾರೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ ಅದನ್ನು ಪರೀಕ್ಷಿಸಿ, ಮುದ್ರೆಯೊತ್ತಿ, ಪ್ರಮಾಣಪತ್ರ ಕೊಟ್ಟರೆ ಅಲ್ಲಿನ 1988ರ ಕಾನೂನು ಅದನ್ನು ಬಂದೂಕೆಂದು ಎಣಿಸುವುದಿಲ್ಲ. ಯುದ್ಧಪ್ರೇಮ ಎಂಬ ಒಂದೇ ಮಾತಿನಿಂದ ಈ ಹವ್ಯಾಸವನ್ನು ತಳ್ಳಿಹಾಕುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕುಲುಮೆಗೆ ಹೋಗಬೇಕಿದ್ದ ವಸ್ತುವನ್ನು ಉಳಿಸಿಕೊಂಡದ್ದು ಒಳ್ಳೆಯ ಕೆಲಸ. ಆದರೆ ಉಳಿದ ವಸ್ತು ನೋಡುವವರಿಗೆ ಏನು ಹೇಳುತ್ತದೆ ಎಂಬುದರ ಮೇಲೆ ಆ ಸಂಗ್ರಹದ ಯೋಗ್ಯತೆ ನಿಂತಿದೆ.

ಹೇಳುವುದಕ್ಕೆ ಅದರಲ್ಲಿ ಬಹಳಷ್ಟಿದೆ. 1907ರ ಮಾರ್ಕ್ 3 ಮಾದರಿಯ ಪಕ್ಕದಲ್ಲಿ ಒಂದು ಪುಟ್ಟ ಗುರಿಪಟ್ಟಿ ಇರುತ್ತಿತ್ತು. ಸಾವಿರದ ಐನೂರು ಗಜಕ್ಕೂ ದೂರದಲ್ಲಿರುವ ಶತ್ರುಗಳ ಗುಂಪಿನ ಮೇಲೆ ತುಕಡಿಯೆಲ್ಲ ಒಟ್ಟಿಗೆ ಗುಂಡು ಸುರಿಸಲೆಂದು ಅದನ್ನು ಇಟ್ಟಿದ್ದರು. ಮ್ಯಾಗಝೀನಿಗೆ ಅಡ್ಡಲಾಗಿ ಜಾರುವ ಒಂದು ತಗಡೂ ಇತ್ತು. ಸೈನಿಕ ಒಂದೊಂದೇ ತೋಟಾ ತುಂಬಿ ಹಾರಿಸಲಿ, ಒಳಗಿನ ಹತ್ತು ತೋಟಾ ಸಂಕಟದ ಗಳಿಗೆಗೆ ಉಳಿಯಲಿ ಎಂಬುದು ಅದರ ಉದ್ದೇಶ. 1916ರಲ್ಲಿ ಬಂದ ಸರಳೀಕೃತ ಮಾದರಿ ಇವೆರಡನ್ನೂ ಕೈಬಿಟ್ಟಿತು. ಕಂದಕಗಳಲ್ಲಿ ಕುಳಿತು ಕಾದುವವರಿಗೆ ಅವು ಬೇಕಿರಲಿಲ್ಲ, ಅವುಗಳನ್ನು ಮಾಡುತ್ತ ಕೂರಲು ಕಾರ್ಖಾನೆಗೆ ಪುರುಸೊತ್ತೂ ಇರಲಿಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ತಯಾರಾದ ಜರ್ಮನಿಯ ಕಾರ್ 98ಕೆ ಬಂದೂಕಿನಲ್ಲೂ ಇದೇ ಕಥೆ. ಕಡೆದು ಮಾಡುತ್ತಿದ್ದ ಭಾಗಗಳು ಒತ್ತುತಗಡಿಗೆ ಇಳಿದವು. ಬಯೊನೆಟ್ ಸಿಕ್ಕಿಸುವ ಕೊಂಡಿಯೂ ಮಾಯವಾಯಿತು. ಯುದ್ಧಕ್ಕೆ ಮುಂಚಿನದೊಂದು, ಯುದ್ಧದ ಕೊನೆಯದೊಂದು ಅಕ್ಕಪಕ್ಕ ಇಟ್ಟು ತೋರಿಸಿದರೆ ಒಂದು ದೇಶ ಸೊರಗಿದ ಬಗೆ ಶಾಲೆಯ ಹುಡುಗನಿಗೂ ಅರ್ಥವಾಗುತ್ತದೆ.

ಸಂಗ್ರಾಹಕರಲ್ಲಿ ಹೆಚ್ಚಿನವರ ಕಣ್ಣು ಇರುವುದು ಬೇರೆ ಕಡೆ. ಬೋಲ್ಟಿನ ಸಂಖ್ಯೆಗೂ ಒಡಲಿನ ಸಂಖ್ಯೆಗೂ ತಾಳೆಯಾದರೆ ಬೆಲೆ ಏರುತ್ತದೆ. ಹಳೆಯ ನಿಯಮದಂತೆ ನಿಷ್ಕ್ರಿಯಗೊಂಡು, ಬೋಲ್ಟ್ ಇನ್ನೂ ಹಿಂದೆಮುಂದೆ ಆಡುತ್ತಿದ್ದರೆ, ಕುದುರೆ ಎಳೆದಾಗ ಟಕ್ಕೆನ್ನುತ್ತಿದ್ದರೆ ಇನ್ನೂ ಏರುತ್ತದೆ. 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಯೂರೋಪಿನ ನಿಯಮ ಈ ಚಲನೆಗಳಿಗೆ ಬೆಸುಗೆ ಹಾಕಿಸಿತು. ಬ್ರಿಟನ್ನಿನ 2017ರ ಕಾನೂನಿನ ಪ್ರಕಾರ ಹಳೆಯ ಬಗೆಯದನ್ನು ಮನೆಯಲ್ಲಿಟ್ಟುಕೊಳ್ಳಬಹುದು. ಮಾರಲು ಹೊರಟರೆ ಹೊಸ ಮಾನದಂಡಕ್ಕೆ ತರಬೇಕು. ಇತಿಹಾಸವನ್ನೇ ಹಾಳುಮಾಡಿದರು ಎಂದು ಸಂಗ್ರಾಹಕರು ದೂರುತ್ತಾರೆ. ಯಂತ್ರ ಕೆಲಸ ಮಾಡುವ ಬಗೆಯನ್ನು ಕೈಯಾರೆ ತಿಳಿಯುವ ದಾರಿ ಮುಚ್ಚಿತು ಎಂಬಷ್ಟರ ಮಟ್ಟಿಗೆ ಅವರ ದೂರು ನಿಜ. ಹಾಗಿದ್ದರೂ ಈ ವಾದದಲ್ಲಿ ನಾನು ಕಾನೂನಿನ ಪರ. 2015ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಜನರನ್ನು ಕೊಂದ ಭಯೋತ್ಪಾದಕರ ಕೈಯಲ್ಲಿದ್ದ ಆಯುಧಗಳಲ್ಲಿ, ಬರಿ ಸದ್ದು ಮಾಡುವಂತೆ ಮಾರ್ಪಡಿಸಿ ಸ್ಲೊವಾಕಿಯಾದಲ್ಲಿ ಮಾರಾಟವಾಗಿ, ಆಮೇಲೆ ಮತ್ತೆ ಜೀವ ತುಂಬಿಸಿಕೊಂಡವೂ ಇದ್ದವು. ಟಕ್ಕೆನ್ನುವ ಸದ್ದಿನ ಸುಖಕ್ಕಾಗಿ ಅಂಥ ಅಪಾಯವನ್ನು ಸಮಾಜ ಹೊರಬೇಕಿಲ್ಲ. ಅಪರೂಪದ ಮಾದರಿಗಳನ್ನು ಕತ್ತರಿಸದೆ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಂಥ ವಸ್ತುಸಂಗ್ರಹಾಲಯದಲ್ಲಿ ಕಾಪಾಡಬಹುದು. ಲಕ್ಷಗಟ್ಟಲೆ ತಯಾರಾದ ಬಂದೂಕಿಗೆ ಬೆಸುಗೆ ಬಿದ್ದರೆ ಚರಿತ್ರೆಗೆ ನಷ್ಟವಿಲ್ಲ.

ನಿಜವಾದ ನಷ್ಟ ಆಗುವುದು ಬಂದೂಕು ಹಿಡಿದ ಮನುಷ್ಯ ಈ ಗೋಡೆಗಳಿಂದ ಕಾಣೆಯಾದಾಗ. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ ಅನೇಕ ಲೀ-ಎನ್‌ಫೀಲ್ಡ್‌ಗಳ ಮೇಲೆ ಕಿರೀಟದ ಚಿಹ್ನೆ, ಜಿ.ಆರ್.ಐ. ಎಂಬ ಅಕ್ಷರಗಳು ಇರುತ್ತವೆ: ಜಾರ್ಜ್, ದೊರೆ ಮತ್ತು ಚಕ್ರವರ್ತಿ. ಕೆಲವು ಇಷಾಪುರದ ಕೋವಿಗಳ ಮುಂಭಾಗಕ್ಕೆ ಬಿಗಿಯಾಗಿ ತಂತಿ ಸುತ್ತಿರುತ್ತಾರೆ. ಗ್ರೆನೇಡ್ ಎಸೆಯಲು ಬಳಸುವಾಗ ಕೋವಿ ಸಿಡಿದು ಹಿಡಿದವನೇ ಗಾಯಗೊಳ್ಳದಿರಲಿ ಎಂದು ಕಟ್ಟಿದ ತಂತಿ ಅದು. ಸಂಗ್ರಾಹಕರು ಅದನ್ನು ವಿಶೇಷ ಮಾದರಿಯೆಂದು ಕೊಳ್ಳುತ್ತಾರೆ. ಆ ತಂತಿ ಕಾಪಾಡಬೇಕಿದ್ದ ಕೈ ಯಾರದೆಂದು ಕೇಳುವವರು ವಿರಳ. 1914ರ ಶರತ್ಕಾಲದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದ ಭಾರತೀಯ ಸಿಪಾಯಿಗಳಿಂದ ಹಳೆಯ ಬಂದೂಕುಗಳನ್ನು ಪಡೆದು ಹೊಸ ಮಾದರಿಯವನ್ನು ಕೊಟ್ಟರು. ಕೈಗೆ ಇನ್ನೂ ಪಳಗದ ಆ ಆಯುಧ ಹಿಡಿದೇ ಅವರು ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗಕ್ಕೆ ನಡೆದರು. ಮೊದಲ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಯೋಧರು ಸತ್ತರು. ಮಾರ್ಕ್ 3ರ ಪಕ್ಕದ ಚೀಟಿಯಲ್ಲಿ ತಯಾರಿಕೆಯ ವರ್ಷ, ಕಾರ್ಖಾನೆಯ ಹೆಸರುಗಳ ಜೊತೆ ಈ ಮಾತಿಗೂ ಎರಡು ಸಾಲಿನ ಜಾಗ ಇರಬೇಕು.

ಇದಕ್ಕಿಂತ ಕೆಟ್ಟದ್ದು ಬಂದೂಕನ್ನು ಹೊಸದರಂತೆ ಹೊಳೆಯಿಸುವ ಚಾಳಿ. ಮರದ ಹಿಡಿಯನ್ನು ಉಜ್ಜಿ ಎಣ್ಣೆ ಹಚ್ಚಿದರೆ ನೋಡಲು ಚೆನ್ನ. ಸಿಪಾಯಿ ಚಾಕುವಿನಿಂದ ಕೆತ್ತಿದ ಗುರುತು, ರಿಪೇರಿಯ ತೇಪೆ, ಒಂದು ಸೈನ್ಯದಿಂದ ಇನ್ನೊಂದಕ್ಕೆ ದಾಟಿದಾಗ ಬಿದ್ದ ಮುದ್ರೆ ಎಲ್ಲವೂ ಆ ಉಜ್ಜಾಟದಲ್ಲಿ ಸವೆದು ಹೋಗುತ್ತವೆ. ಕಾನೂನು ಹಾಕಿಸಿದ ಬೆಸುಗೆ ಬಂದೂಕಿನ ಸದ್ದನ್ನು ಮಾತ್ರ ಅಡಗಿಸಿತು, ಈ ಉಜ್ಜಾಟ ಅದರ ನೆನಪನ್ನೇ ಅಳಿಸುತ್ತದೆ.

ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. ಮಡಿಕೇರಿಯಲ್ಲಿ ಭಾರತದ ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಆಯುಧಗಳು ಒಬ್ಬ ಸೈನಿಕನ ಬಾಳಿನ ಕಥೆಯ ಒಳಗೆ ಬಂದು ಕೂರುತ್ತವೆ, ಹಾಗಾಗಿ ಅವುಗಳನ್ನು ನೋಡುವಾಗ ಮನುಷ್ಯ ಮರೆಯಾಗುವುದಿಲ್ಲ. ಖಾಸಗಿ ಸಂಗ್ರಾಹಕರು ಕಲಿಯಬೇಕಾದದ್ದು ಈ ಕ್ರಮವನ್ನು. ಬಂದೂಕು ಯಾವ ದಂಡಿನಲ್ಲಿತ್ತು, ಯಾವ ದಾರಿಯಾಗಿ ತಮ್ಮ ಕೈಸೇರಿತು ಎಂದು ಬರೆದಿಡಲಿ. ಮಾರುವಾಗ ಪ್ರಮಾಣಪತ್ರದ ಜೊತೆ ಆ ಬರಹವನ್ನೂ ದಾಟಿಸಲಿ. ಬೆಸುಗೆಯ ಗುರುತನ್ನು ಮರೆಮಾಚದೆ ತೋರಿಸಲಿ, ಏಕೆಂದರೆ ಇನ್ನು ಇದರಿಂದ ಯಾರೂ ಸಾಯಬಾರದು ಎಂಬ ಸಮಾಜದ ತೀರ್ಮಾನವೂ ಆ ಬಂದೂಕಿನ ಚರಿತ್ರೆಯ ಭಾಗ. ಇಷ್ಟು ಮಾಡಿದವರ ಸಂಗ್ರಹ ಯಾವ ವಸ್ತುಸಂಗ್ರಹಾಲಯಕ್ಕೂ ಕಡಿಮೆಯಲ್ಲ. ಇಷ್ಟನ್ನೂ ಮಾಡದವರ ಬಳಿ ಉಳಿಯುವುದು ದುಬಾರಿ ಕಬ್ಬಿಣ.