ತೆರಿಗೆ ನಮ್ಮದು, ಬೆಲೆ ನಿಮ್ಮದು

ಆಷಾಢ ಬಂತೆಂದರೆ ಬೆಂಗಳೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೂಕುನುಗ್ಗಲು ಇಳಿಯುತ್ತದೆ, ಪತ್ರಿಕೆಗಳ ಮುಖಪುಟದಲ್ಲಿ ಬಿಲ್ಡರುಗಳ ಜಾಹೀರಾತು ಏರುತ್ತದೆ. ಮುಹೂರ್ತವಿಲ್ಲದ ತಿಂಗಳಲ್ಲಿ ಗಿರಾಕಿಯನ್ನು ಎಳೆದು ತರಲು ಏನಾದರೂ ಕೊಡಲೇಬೇಕಲ್ಲ. ಚಿನ್ನದ ನಾಣ್ಯ, ಮಾಡ್ಯುಲರ್ ಕಿಚನ್‌ಗಳ ಸಾಲಿಗೆ ಈಗ 'ನೋಂದಣಿ ಉಚಿತ', 'ಜಿಎಸ್‌ಟಿ ಇಲ್ಲ' ಎಂಬ ಕೊಡುಗೆಗಳೂ ಸೇರಿವೆ. ಹಳೆಯ ಫ್ಲ್ಯಾಟ್ ಮಾರುವವರೂ ಇದನ್ನು ಕಲಿತಿದ್ದಾರೆ. "ಬಾಕಿ ಕಂದಾಯ ಎಲ್ಲಾ ನಾನೇ ಕಟ್ಕೊಡ್ತೀನಿ ಸಾರ್, ರೇಟಿನ ವಿಷಯದಲ್ಲಿ ಮಾತ್ರ ಎಳೆದಾಡಬೇಡಿ" ಎಂಬ ಮಾತು ದಲ್ಲಾಳಿಯ ಎದುರು ಕುಳಿತವರಿಗೆಲ್ಲ ಪರಿಚಿತ.

ಇದನ್ನು ಮೋಸವೆಂದು ತಳ್ಳಿಹಾಕುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಮಾರುವವರು 'ಕಟ್ಟಿಕೊಡುವ' ತೆರಿಗೆಗಳಲ್ಲಿ ಹೆಚ್ಚಿನವು ಕೊಳ್ಳುವವರ ತಲೆಯ ಮೇಲೆ ಇಲ್ಲದೇ ಇದ್ದವು. ನಿಜವಾಗಿಯೂ ಕೊಳ್ಳುವವರದಾದ ಒಂದನ್ನು ಕಟ್ಟಿಕೊಟ್ಟಾಗಲೂ ಅದು ಉಡುಗೊರೆಯಲ್ಲ, ಸಾಲ.

ಕಂದಾಯದ ಬಾಕಿಯನ್ನೇ ನೋಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಕ್ರಯದ ದಿನದವರೆಗೆ ಸ್ವತ್ತಿನ ಮೇಲೆ ಬಾಕಿಯಿರುವ ಸಾರ್ವಜನಿಕ ತೆರಿಗೆಗಳನ್ನೆಲ್ಲ ಮಾರುವವರೇ ತೀರಿಸಬೇಕು. ಅಂದರೆ ಆ ಮಹನೀಯರು ಉದಾರವಾಗಿ ಒಪ್ಪಿಕೊಂಡದ್ದು ತಮ್ಮದೇ ಸಾಲ. ಅದಕ್ಕೆ ಪ್ರತಿಯಾಗಿ ದರದಲ್ಲಿ ಪಟ್ಟು ಸಡಿಲಿಸಿದರೆ ಅವರ ಬಾಕಿಯನ್ನು ನಾವು ತೀರಿಸಿದಂತೆ. ಕೇಳಬೇಕಾದದ್ದು ಭರವಸೆಯನ್ನಲ್ಲ, ಕಟ್ಟಿದ ರಸೀದಿಯನ್ನು. ಋಣಭಾರ ಪತ್ರ ನೋಡಿದರೆ ಸಾಲದು, ಅದರಲ್ಲಿ ಕಾಣುವುದು ನೋಂದಣಿಯಾದ ವಹಿವಾಟುಗಳು. ಕಂದಾಯ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

'ಜಿಎಸ್‌ಟಿ ಇಲ್ಲ' ಎಂಬುದೂ ಬಹುಮಟ್ಟಿಗೆ ಇದೇ ಜಾತಿಯದು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಫ್ಲ್ಯಾಟಿಗೂ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುವ ಹಳೆಯ ಮನೆಗೂ ಜಿಎಸ್‌ಟಿ ಅನ್ವಯಿಸುವುದೇ ಇಲ್ಲ. ಕಟ್ಟುತ್ತಿರುವ ಫ್ಲ್ಯಾಟಿಗೆ 2019ರ ಏಪ್ರಿಲ್ 1ರಿಂದ ಶೇ 5, ಕೈಗೆಟಕುವ ವರ್ಗದ್ದಾದರೆ ಶೇ 1. ಇಲ್ಲಿ ಬಿಲ್ಡರು ತೆರಿಗೆ ಹೊತ್ತರೆ ಅದಕ್ಕೆ ತೂಕವಿದೆ, ನಿಜ. ಆದರೆ ಈ ಪದ್ಧತಿಯಲ್ಲಿ ಅವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಸಿಮೆಂಟು, ಕಬ್ಬಿಣದ ಮೇಲೆ ತಾವು ಕಟ್ಟಿದ ತೆರಿಗೆಯನ್ನು ಚದರಡಿ ದರದೊಳಗೆ ಮೊದಲೇ ಸೇರಿಸಿರುತ್ತಾರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇವೆರಡೂ ಪೊಳ್ಳು ಎಂದರೆ ಮೂರನೆಯದು ಅಪಾಯಕಾರಿ. ಮನೆಯ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟನ್ನು ಮೂಲದಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ 2013ರ ಜೂನ್‌ನಿಂದ ಇದೆ. "ಟಿಡಿಎಸ್ ತಲೆನೋವು ನಿಮಗ್ಯಾಕೆ, ಪೂರ್ತಿ ಹಣ ಕೊಡಿ, ನಾನೇ ಕಟ್ಕೋತೀನಿ" ಎಂದು ಮಾರುವವರು ಹೇಳಿದರೆ ಕಿವಿಗೆ ಹಿತವೇನೋ ಹೌದು. ಆದರೆ ಆ ಹಣ ಮಾರುವವರದೇ ಆದಾಯ ತೆರಿಗೆಯ ಮುಂಗಡ. ಅದನ್ನು ಮುರಿದು ಕಟ್ಟುವ ಕರ್ತವ್ಯ ಮಾತ್ರ ಕೊಳ್ಳುವವರದು. ಮಾರುವವರು ಕಟ್ಟದೆ ಬಿಟ್ಟರೆ ಬಡ್ಡಿಯ ನೋಟಿಸು, ವಿಳಂಬ ಶುಲ್ಕ ಬರುವುದು ನಮ್ಮ ವಿಳಾಸಕ್ಕೆ. ಮಾರುವವರು ಅನಿವಾಸಿ ಭಾರತೀಯರಾದರೆ 50 ಲಕ್ಷದ ಮಿತಿಯೂ ಇಲ್ಲ, ದರವೂ ಶೇ 1 ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಈ ಒಂದು ಕೊಡುಗೆಯನ್ನು ಚೌಕಾಸಿಯ ಮೇಜಿನಿಂದ ಎತ್ತಿ ಆಚೆ ಹಾಕುವುದೇ ಸರಿ.

ಇನ್ನು ಉಳಿದದ್ದು ಮುದ್ರಾಂಕ ಮತ್ತು ನೋಂದಣಿ ಶುಲ್ಕ. ಇದು ವಾಡಿಕೆಯಲ್ಲೂ ಕಾನೂನಿನಲ್ಲೂ ಕೊಳ್ಳುವವರದೇ. ಮಾರುವವರು ಹೊರುತ್ತೇವೆಂದರೆ ಲೆಕ್ಕ ಹಾಕಿ ನೋಡಬೇಕಾದ ಮಾತು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಎಲ್ಲ ಸೇರಿ ಶೇ 7.6. ಪೂರ್ಣಗೊಂಡ 90 ಲಕ್ಷದ ಫ್ಲ್ಯಾಟಿಗೆ 6.84 ಲಕ್ಷ ರೂಪಾಯಿ.

ಈ 6.84 ಲಕ್ಷವನ್ನು ಬಿಲ್ಡರು ಕಟ್ಟಿದರೆ ಒಳ್ಳೆಯದೋ, ಅಷ್ಟನ್ನೇ ಬೆಲೆಯಲ್ಲಿ ಇಳಿಸಿದರೆ ಒಳ್ಳೆಯದೋ? ಅವರು ಕಟ್ಟಿದರೆ ನಮ್ಮ ಒಟ್ಟು ಖರ್ಚು 90 ಲಕ್ಷ. ಬೆಲೆ ಇಳಿಸಿದರೆ ಕ್ರಯ 83.16 ಲಕ್ಷಕ್ಕೆ ಬರುತ್ತದೆ, ಶುಲ್ಕವೂ 6.32 ಲಕ್ಷಕ್ಕೆ ಇಳಿಯುತ್ತದೆ, ಒಟ್ಟು 89.48 ಲಕ್ಷ. ಬೆಲೆ ಇಳಿಸಿಕೊಂಡವರಿಗೆ ಸುಮಾರು 52 ಸಾವಿರ ಉಳಿಯಿತು. ಸರಳ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಹಣಕಾಸು ಸಲಹೆಗಾರರೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ.

ಆದರೆ ಸಂಬಳದ ಮೇಲೆ ಮನೆ ಕೊಳ್ಳುವವರ ನಿಜವಾದ ಸಂಕಟ ಒಟ್ಟು ಖರ್ಚಲ್ಲ, ಆ ದಿನ ಕೈಯಲ್ಲಿರಬೇಕಾದ ಹಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80 ಮೀರುವಂತಿಲ್ಲ. ತೀರ ಅಗ್ಗದ ಮನೆಗಳನ್ನು ಬಿಟ್ಟರೆ ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಶುಲ್ಕಗಳನ್ನು ಸೇರಿಸುವಂತೆಯೂ ಇಲ್ಲ. ಬಿಲ್ಡರು ಶುಲ್ಕ ಕಟ್ಟಿದರೆ 72 ಲಕ್ಷ ಸಾಲ ಸಿಗುತ್ತದೆ, ಕೈಯಿಂದ ಹಾಕಬೇಕಾದದ್ದು 18 ಲಕ್ಷ. ಬೆಲೆ ಇಳಿದರೆ ಸಾಲ ಸುಮಾರು 66.53 ಲಕ್ಷ, ಕೈಯಿಂದ ಸುಮಾರು 22.95 ಲಕ್ಷ. ಹತ್ತಿರ ಹತ್ತಿರ 5 ಲಕ್ಷದ ವ್ಯತ್ಯಾಸ. ಊರಿನ ಜಮೀನು ಮಾರದೆ, ಹೆಂಡತಿಯ ಬಳೆ ಅಡವಿಡದೆ ಈ ಹಣ ಹೊಂದಿಸಲಾಗದವರಿಗೆ ಬಿಲ್ಡರ ಕೊಡುಗೆ ಕಣ್ಕಟ್ಟಲ್ಲ, ದಾರಿಯೇ ತೆರೆಯುವಂಥದ್ದು. ಈ ಪದ್ಧತಿಯನ್ನು ಸಾರಾಸಗಟಾಗಿ ಬೈಯುವವರು ಇದನ್ನು ಗಮನಿಸಿದಂತಿಲ್ಲ.

ಅದಕ್ಕೆ ತೆರುವುದೆಷ್ಟು? ಸಾಲ 5.47 ಲಕ್ಷ ಹೆಚ್ಚಿತು. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಹಿಡಿದರೆ ತಿಂಗಳ ಕಂತು ಸುಮಾರು 4,750 ರೂಪಾಯಿ ಹೆಚ್ಚು. ಒಟ್ಟು 11 ಲಕ್ಷಕ್ಕೂ ಮೇಲೆ. 'ಉಚಿತ' ನೋಂದಣಿಯನ್ನು ನಾವೇ ಬ್ಯಾಂಕಿನಿಂದ ಸಾಲ ತಂದು ಕಟ್ಟಿದೆವು, ಬಿಲ್ಡರ ಹೆಸರಿನಲ್ಲಿ. ಸಾಲವೆಂದು ತಿಳಿದು ತೆಗೆದುಕೊಂಡರೆ ತಪ್ಪಿಲ್ಲ. ಬಹುಮಾನವೆಂದು ಹಿಗ್ಗಿ ತೆಗೆದುಕೊಳ್ಳುವುದರಲ್ಲಿ ತಪ್ಪಿದೆ.

ಮಾತು ಕಾಗದಕ್ಕೆ ಇಳಿಯದೆ ಹೋಗುವುದು ಈ ವ್ಯವಹಾರದ ಇನ್ನೊಂದು ದೋಷ. ಕ್ರಯಪತ್ರದ ಸಿದ್ಧ ನಮೂನೆಗಳಲ್ಲಿ ಮುದ್ರಾಂಕ ಮತ್ತು ನೋಂದಣಿ ವೆಚ್ಚ ಖರೀದಿದಾರರದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಕ್ಕೆ ಸಹಿ ಹಾಕಿದ ಮೇಲೆ ಸೇಲ್ಸ್ ಹುಡುಗ ಕಾಫಿ ಕುಡಿಯುತ್ತ ಹೇಳಿದ ಮಾತನ್ನು ಯಾರ ಮುಂದೆ ಹೇಳುವುದು? ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 12ನೇ ಕಲಮು ಸುಳ್ಳು ಜಾಹೀರಾತು ನಂಬಿ ನಷ್ಟವಾದವರಿಗೆ ಪರಿಹಾರ ಕೊಡಿಸುತ್ತದೆ, ಆದ್ದರಿಂದ ಅಚ್ಚಾದ ಜಾಹೀರಾತನ್ನು ಎತ್ತಿಟ್ಟುಕೊಳ್ಳುವುದು ಲೇಸು. ಹಳೆಯ ಮನೆ ಮಾರುವ ವ್ಯಕ್ತಿಯ ಬಾಯಿಮಾತಿಗೆ ಆ ಆಸರೆಯೂ ಇಲ್ಲ. ನೋಂದಣಿ ಆದಮೇಲೆ ಹಣ ವಾಪಸು ಮಾಡುತ್ತೇವೆ ಎನ್ನುವವರನ್ನಂತೂ ನಂಬಲೇಬಾರದು; ಬ್ಯಾಂಕಿಗೆ ಒಂದು ಬೆಲೆ ತೋರಿಸಿ ಒಳಗೊಳಗೆ ಇನ್ನೊಂದು ಬೆಲೆ ಮಾಡಿಕೊಂಡಂತಾಗುತ್ತದೆ. ಯಾವ ಶುಲ್ಕ, ಎಷ್ಟು, ಯಾವ ದಿನ, ದರ ಏರಿದರೆ ಹೆಚ್ಚಳ ಯಾರದು ಎಂಬುದು ಕ್ರಯದ ಕರಾರಿನಲ್ಲೇ ಇರಬೇಕು. ನೋಂದಣಿ ಶುಲ್ಕ ಒಮ್ಮೆಗೇ ಇಮ್ಮಡಿಯಾದದ್ದನ್ನು ಕಂಡ ಮೇಲೂ ಕೊನೆಯ ಪ್ರಶ್ನೆಯನ್ನು ಬಿಡುವವರಿದ್ದಾರೆ.

ಮಾರುವವರ ಮನಸ್ಸು ತಿಳಿಯಲು ಒಂದು ಉಪಾಯವಿದೆ. 6.84 ಲಕ್ಷ ಕಟ್ಟುತ್ತೇನೆಂದವರಿಗೆ "ಅದು ಬೇಡ, ಬೆಲೆಯಲ್ಲಿ ಆರೂವರೆ ಲಕ್ಷ ಇಳಿಸಿ, ಶುಲ್ಕ ನಾನೇ ಕಟ್ಟುತ್ತೇನೆ" ಎಂದು ಹೇಳಿ ನೋಡಬೇಕು. ಶುಲ್ಕದ ಲೆಕ್ಕಕ್ಕೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ದರ, 83.5 ಲಕ್ಷಕ್ಕಿಂತ ಕೆಳಗಿದ್ದರೆ ಅವರಿಗೆ 34 ಸಾವಿರ ಉಳಿಯುತ್ತದೆ, ನಮ್ಮ ಒಟ್ಟು ಖರ್ಚೂ 15 ಸಾವಿರ ಕಡಿಮೆಯಾಗುತ್ತದೆ. ನಷ್ಟ ಖಜಾನೆಗೆ ಮಾತ್ರ. ಕೈಯಲ್ಲಿ ಹಣವಿರುವವರು ಹೀಗೆ ಕೇಳದಿರಲು ಕಾರಣವೇ ಇಲ್ಲ. ಆದರೂ ಬಿಲ್ಡರು ಒಪ್ಪದಿದ್ದರೆ ಅವರು ಕಾಯುತ್ತಿರುವುದು ಈ ಫ್ಲ್ಯಾಟಿನ ಲಾಭವನ್ನಲ್ಲ. ಕ್ರಯಪತ್ರದಲ್ಲಿ ದಾಖಲಾಗುವ ಚದರಡಿ ದರವನ್ನು. ಆ ಸಂಖ್ಯೆಯನ್ನು ತೋರಿಸಿಯೇ ಪಕ್ಕದ ಟವರಿನ ಫ್ಲ್ಯಾಟುಗಳನ್ನು ಮಾರಬೇಕು, ಹೋದ ವರ್ಷ ಪೂರ್ತಿ ಬೆಲೆ ಕೊಟ್ಟವರು ಗಲಾಟೆ ಮಾಡದಂತೆ ನೋಡಿಕೊಳ್ಳಬೇಕು. ಅವರಿಗೆ ಆ ಸಂಖ್ಯೆ ಅಷ್ಟು ಮುಖ್ಯವಾದರೆ ಅದನ್ನು ಉಳಿಸಿಕೊಡಲು ನಾವೂ ಬೆಲೆ ಕೇಳಬಹುದು: ಶುಲ್ಕದ ಜೊತೆಗೆ ಕಾರ್ ಪಾರ್ಕಿಂಗ್, ಎರಡು ವರ್ಷದ ನಿರ್ವಹಣಾ ವೆಚ್ಚ. ಚೌಕಾಸಿ ನಿಜವಾಗಿ ಶುರುವಾಗುವುದು ಆಗ.